ಬ್ರಾಕೆಟ್ಟಿನೊಳಗಿನ ವಿಳಾಸ

ಸರ್ಕಾರಿ ಜಾಲತಾಣಗಳಲ್ಲಿ ನನಗೆ ಬಲು ಇಷ್ಟವಾದದ್ದು 'ಸಂಪರ್ಕಿಸಿ' ಎಂಬ ಪುಟ. ಅಲ್ಲಿ ಅಧಿಕಾರಿಗಳ ಇಮೇಲ್ ವಿಳಾಸಗಳು ಇರುತ್ತವೆ, ಆದರೆ ಮುಸುಕು ಹಾಕಿಕೊಂಡು. 'ಅಟ್ ದ ರೇಟ್' ಚಿಹ್ನೆ ಇರಬೇಕಾದ ಕಡೆ ಬ್ರಾಕೆಟ್ಟಿನೊಳಗೆ 'ಅಟ್', ಚುಕ್ಕೆ ಇರಬೇಕಾದ ಕಡೆ ಬ್ರಾಕೆಟ್ಟಿನೊಳಗೆ 'ಡಾಟ್'. ಸಂಪರ್ಕಿಸಿ, ಕೈಲಾದರೆ!

ಈ ಮುಸುಕು ವಿಳಾಸಗಳ್ಳರಿಗೆ ಹೆದರಿ. ಹಾರ್ವೆಸ್ಟರ್ ಎಂಬ ಪ್ರೋಗ್ರಾಮುಗಳು ಹಗಲೂ ರಾತ್ರಿ ಪುಟದಿಂದ ಪುಟಕ್ಕೆ ಅಲೆಯುತ್ತಿರುತ್ತವೆ. ಪುಟದಲ್ಲಿ ಏನು ಬರೆದಿದ್ದರೂ ಅವಕ್ಕೆ ಬೇಕಿಲ್ಲ. ಅಟ್ ದ ರೇಟ್ ಚಿಹ್ನೆಯ ಹಿಂದೆ ನಾಲ್ಕಕ್ಷರ, ಮುಂದೊಂದು ಚುಕ್ಕೆ ಕಂಡರೆ ಸಾಕು, ಪಟ್ಟಿಗೆ ಸೇರಿಸಿಕೊಂಡು ಮುಂದಕ್ಕೆ. ಆಮೇಲೆ ನೀವು ಕೊಳ್ಳದ ಲಾಟರಿಯಲ್ಲಿ ನಿಮಗೇ ಬಹುಮಾನ.

1971ರಲ್ಲಿ ಇಮೇಲ್ ರೂಪಿಸಿದ ಎಂಜಿನಿಯರ್ ರೇ ಟಾಮ್ಲಿನ್ಸನ್ ವಿಳಾಸಕ್ಕೆ ಆ ಚಿಹ್ನೆಯನ್ನು ಆರಿಸಿಕೊಂಡದ್ದು ಅದು ಯಾರ ಹೆಸರಿನಲ್ಲೂ ಬರುವುದಿಲ್ಲ ಎಂಬ ಕಾರಣಕ್ಕೆ. ಬೇರೆಡೆ ಅಪರೂಪಕ್ಕೆ ಕಾಣುವ ಚಿಹ್ನೆಯಾದ್ದರಿಂದಲೇ ಕಳ್ಳರಿಗೆ ಅದನ್ನು ಹುಡುಕುವುದು ಸಲೀಸಾಯಿತು. ಬೇಡದ ಪತ್ರಗಳ ಕಾಟವೂ ಹಳೆಯದೇ: 1978ರಲ್ಲಿ ಗ್ಯಾರಿ ಥರ್ಕ್ ಎಂಬ ಮಾರಾಟಗಾರ ಇಂಟರ್ನೆಟ್ಟಿನ ಪೂರ್ವಜನಾದ ಆರ್ಪಾನೆಟ್‌ನ ಸುಮಾರು 400 ಮಂದಿಗೆ ಕಂಪ್ಯೂಟರಿನ ಜಾಹೀರಾತು ಕಳಿಸಿ ಬೈಸಿಕೊಂಡ. ಪಾಪ, ಅವನ ಕಾಲದಲ್ಲಿ ವಿಳಾಸಗಳನ್ನು ಅಚ್ಚಾದ ಡೈರೆಕ್ಟರಿ ನೋಡಿ ಟೈಪ್ ಮಾಡಬೇಕಿತ್ತು. ಈಗಿನವರಿಗೆ ಆ ಕಷ್ಟವೂ ಇಲ್ಲ.

ಇರಲಿ, ಬ್ರಾಕೆಟ್ಟಿನಿಂದ ಕಳ್ಳ ಹೆದರಿದನೆ? 'ಅಟ್' ಕಂಡ ಕಡೆ ಚಿಹ್ನೆ ಹಾಕಿಕೊಳ್ಳಲು ಅವನಿಗೆ ಒಂದು ಸಾಲಿನ ಪ್ರೋಗ್ರಾಮು ಸಾಕು. ಸಿಕ್ಕಿಬಿದ್ದವರು ನಮ್ಮ ಸೋದರಮಾವ, ನಿವೃತ್ತ ಗಣಿತದ ಮೇಷ್ಟ್ರು. ಪಿಂಚಣಿ ಬಾಕಿ ಕೇಳಿ ಒಂದು ಕಚೇರಿಗೆ ಬರೆದ ಪತ್ರಕ್ಕೆ ವಿಳಾಸವನ್ನು ಕಂಡದ್ದು ಕಂಡಂತೆ ಟೈಪ್ ಮಾಡಿದ್ದರು. ಪತ್ರ ಹೋಗಲೊಲ್ಲದು.

"ಮಾವ, ಬ್ರಾಕೆಟ್ ತೆಗೀಬೇಕು."

"ಬ್ರಾಕೆಟ್ ತೆಗೆಯೋದು ನಂಗೇ ಹೇಳ್ಕೊಡ್ತೀಯೇನೋ? ಒಳಗಿರೋದನ್ನ ಬಿಡಿಸಿದ್ಮೇಲೆ ತಾನೆ ತೆಗೆಯೋದು? 'ಅಟ್' ಬಿಡಿಸಿದ್ರೆ ಏನಪ್ಪಾ ಬರುತ್ತೆ, ಹೇಳು ನೋಡೋಣ!"

ನನ್ನಲ್ಲಿ ಉತ್ತರವಿರಲಿಲ್ಲ. ಅವರ ತರಗತಿಯಲ್ಲೂ ಇರುತ್ತಿರಲಿಲ್ಲ.

ಮಿಕ್ಕ ಉಪಾಯಗಳೂ ಹೀಗೇ. ವಿಳಾಸವನ್ನು ಚಿತ್ರವಾಗಿ ಅಂಟಿಸಿದರೆ ಕಾಪಿ ಮಾಡಲಾಗದು. ಕಣ್ಣು ಕಾಣದವರಿಗೆ ಪುಟ ಓದಿ ಹೇಳುವ ತಂತ್ರಾಂಶಕ್ಕೂ ಅದು ಬರೀ ಚಿತ್ರ. ಅಕ್ಷರಗಳನ್ನು ಹಿಂದುಮುಂದಾಗಿ ಬರೆದಿಟ್ಟು ಪರದೆಯ ಮೇಲೆ ಮಾತ್ರ ನೆಟ್ಟಗೆ ತೋರಿಸುವ ಜಾಣ್ಮೆಯೂ ಉಂಟು. ಕಾಪಿ ಮಾಡಿದವರ ಕೈಗೆ ಬರುವುದು ತಲೆಕೆಳಗಾದ ವಿಳಾಸ. ಜಾವಾಸ್ಕ್ರಿಪ್ಟ್ ಬಳಸಿ ಆ ಕ್ಷಣಕ್ಕೆ ವಿಳಾಸ ಜೋಡಿಸುವುದು ಇವುಗಳಲ್ಲಿ ವಾಸಿ: ಸೋಮಾರಿ ಕಳ್ಳ ಬರಿಗೈಲಿ ಹೋಗುತ್ತಾನೆ, ಓದುಗ ಒತ್ತಿದರೆ ಪತ್ರ ತೆರೆಯುತ್ತದೆ. ಆದರೆ ಬ್ರೌಸರನ್ನೇ ನಡೆಸುವ ಕಳ್ಳನಿಗೆ ಅದೂ ಲೆಕ್ಕಕ್ಕಿಲ್ಲ. ಒಟ್ಟಿನಲ್ಲಿ, ಕಳ್ಳನಿಗೆ ಬಾಲ ಅಲ್ಲಾಡಿಸಿ ನೆಂಟರನ್ನು ಕಚ್ಚುವ ನಾಯಿಯ ಕಾವಲು ಇದು.

ಆದ್ದರಿಂದ ಜಾಲತಾಣ ನಡೆಸುವ ಮಹನೀಯರಲ್ಲಿ ಒಂದು ಅರಿಕೆ. ಸ್ವಂತ ವಿಳಾಸವನ್ನು ಅಲ್ಲಿ ಹಾಕಲೇಬೇಡಿ. ಸಾರ್ವಜನಿಕರಿಗೆಂದೇ ಬೇರೊಂದು ವಿಳಾಸ ಮಾಡಿ, ಬ್ರಾಕೆಟ್ಟಿಲ್ಲದೆ ಹಾಕಿ. ಕಸ ಸೋಸುವುದನ್ನು ಸ್ಪ್ಯಾಮ್ ಫಿಲ್ಟರ್ ನೋಡಿಕೊಳ್ಳುತ್ತದೆ. ಬಂದ ಪತ್ರಕ್ಕೆ ಉತ್ತರ ಬರೆಯುವುದು ಮಾತ್ರ ತಮ್ಮದೇ ಕೆಲಸ.