ಉಸಿರಾಡುವುದನ್ನು ಕಲಿಸಲು ಬರುತ್ತಿರುವವರಿಗೆ

ಮಾನ್ಯ ಸಂಪನ್ಮೂಲ ವ್ಯಕ್ತಿಗಳೇ,

ಬರುವ ಮಾರ್ಚ್ 8ರ ಮಹಿಳಾ ದಿನಾಚರಣೆಗೆ ತಾವು ನಮ್ಮ ಸೀಮೆಗೆ ದಯಮಾಡಿಸುವುದು ಖಚಿತವಾಯಿತೆಂದು ತಿಳಿದು ಸಂತೋಷವಾಯಿತು. ಕರಪತ್ರವೂ ಅಚ್ಚಾಗಿ ಬಂದಿದೆ. ವಿಷಯ: ‘ಮಹಿಳೆಯರ ಮಾನಸಿಕ ನೆಮ್ಮದಿ, ಉದ್ಯೋಗ–ಬದುಕಿನ ಸಮತೋಲನ ಹಾಗೂ ಆರ್ಥಿಕ ಸ್ವಾವಲಂಬನೆ’. ಮೂರನ್ನೂ ತಾವು ನಲವತ್ತು ನಿಮಿಷದಲ್ಲಿ ಮುಗಿಸಿಕೊಡುತ್ತೀರಂತೆ. ಅದರಲ್ಲಿ ಹತ್ತು ನಿಮಿಷ ಕಣ್ಣು ಮುಚ್ಚಿ ದೀರ್ಘವಾಗಿ ಉಸಿರಾಡುವುದು. ಉದ್ಘಾಟಕರು, ಅಧ್ಯಕ್ಷರು, ಘನ ಉಪಸ್ಥಿತಿ, ವಿಶೇಷ ಆಹ್ವಾನಿತರು ಎಂದು ಕರಪತ್ರದ ತುಂಬ ಹೆಸರುಗಳಿವೆ. ಪ್ರಾರ್ಥನೆ ಹೇಳುವವಳನ್ನು ಬಿಟ್ಟರೆ ಮಿಕ್ಕವರೆಲ್ಲ ಗಂಡಸರು.

ತುಮಕೂರು ಜಿಲ್ಲೆಯ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ಈ ನಾಲ್ಕು ತಾಲ್ಲೂಕಿನಿಂದ ಹೆಂಗಸರನ್ನು ಕರೆತಂದು ಸಭಾಂಗಣ ತುಂಬಿಸುವ ಜವಾಬ್ದಾರಿ ನಮ್ಮದು. ನಾನು ಹೆಂಗಸರ ಸಂಘದ ಲೆಕ್ಕ ಬರೆಯುವವಳು. ತಾವು ಬರುವ ಮುಂಚೆ ಕೆಲವು ಸಂಗತಿ ತಿಳಿದಿದ್ದರೆ ಭಾಷಣಕ್ಕೆ ಅನುಕೂಲವಾದೀತೆಂದು ಈ ಪತ್ರ.

ಮೊದಲಿಗೆ ದಿನಾಂಕದ ವಿಷಯ. ಮಾರ್ಚ್ ಅಂದರೆ ನಮ್ಮಲ್ಲಿ ಹುಣಸೆ ಸುಗ್ಗಿ. ಮರ ಬಡಿದು ತಂದ ಹಣ್ಣು ಮೂಟೆಗಟ್ಟಲೆ ಮನೆಮನೆಯ ಜಗುಲಿಗೆ ಬಂದು ಬೀಳುತ್ತದೆ. ಸಿಪ್ಪೆ ಬಿಡಿಸಿ, ನಾರು ಎಳೆದು, ಜಜ್ಜಿ ಬೀಜ ತೆಗೆದುಕೊಟ್ಟರೆ ಕೆ.ಜಿ. ಲೆಕ್ಕದಲ್ಲಿ ಕೂಲಿ. ಮರ ಗುತ್ತಿಗೆ ಹಿಡಿದವನು ಗಂಡಸು, ಮಂಡಿಯಲ್ಲಿ ತೂಗುವವನು ಗಂಡಸು, ನಡುವೆ ಕೂತು ಜಜ್ಜುವವಳು ಹೆಂಗಸು. ಹಗಲಿನ ಅಡುಗೆ, ದನ, ನೀರು ಮುಗಿದ ಮೇಲೆ ಈ ಕೆಲಸ. ಉದ್ಯೋಗ ಎಲ್ಲಿ ಮುಗಿಯಿತು, ಬದುಕು ಎಲ್ಲಿ ಶುರುವಾಯಿತು ಅಂತ ಜಗುಲಿಯ ಮೇಲೆ ಗೆರೆ ಎಳೆದು ತೋರಿಸುವವರು ಸಿಕ್ಕರೆ ಸಮತೋಲನವನ್ನೂ ಮಾಡಿಯೇವು. ಒಂದು ದಿನದ ಕೂಲಿ ಬಿಟ್ಟು ಸಮತೋಲನದ ಬಗ್ಗೆ ಕೇಳಲು ಯಾರೂ ಬರುವುದಿಲ್ಲ. ಹಾಗಾಗಿ ಹಣ್ಣು, ಕಲ್ಲು, ಕುಟ್ಟಣಿ ಎಲ್ಲವನ್ನೂ ಸಭಾಂಗಣಕ್ಕೇ ತರಲು ಹೇಳಿದ್ದೇವೆ. ತಮ್ಮ ಮಾತಿನ ನಡುವೆ ಟಕ್ ಟಕ್ ಎಂಬ ಸದ್ದು ನಿಲ್ಲದೆ ಕೇಳಿಸಿದರೆ ಚಪ್ಪಾಳೆ ಎಂದುಕೊಳ್ಳಬೇಕಾಗಿ ವಿನಂತಿ.

ತಾವು ಬೆಂಗಳೂರಿನಿಂದ ಕಾರಿನಲ್ಲೇ ಬರುತ್ತೀರಿ. ಒಂದು ವೇಳೆ ‘ಶಕ್ತಿ’ ಯೋಜನೆಯ ಬಸ್ಸಿನಲ್ಲಿ ಹೆಣ್ಣುಮಕ್ಕಳ ಜೊತೆ ಫೋಟೊ ತೆಗೆಸಿಕೊಳ್ಳುವ ಆಸೆಯಿದ್ದರೆ ತುಮಕೂರಿನ ಹತ್ತಿರವೇ ಮುಗಿಸಿಕೊಂಡುಬಿಡಿ. 2023ರ ಜೂನ್ 11ರಂದು ರಾಜ್ಯದ ಹೆಂಗಸರಿಗೆಲ್ಲ ಬಸ್ಸು ಉಚಿತವಾಯಿತು, ನಿಜ; ಆದರೆ ಉಚಿತವಾದದ್ದು ಸರ್ಕಾರಿ ಬಸ್ಸು. ಪಾವಗಡದ ಕಡೆ ಬಹುಕಾಲದಿಂದ ಓಡುತ್ತ ಬಂದದ್ದು ಹೆಚ್ಚಾಗಿ ಖಾಸಗಿ ಬಸ್ಸು. 2022ರ ಮಾರ್ಚ್‌ನಲ್ಲಿ ಪಳವಳ್ಳಿ ಹತ್ತಿರ ಕಿಕ್ಕಿರಿದ ಖಾಸಗಿ ಬಸ್ಸು ಉರುಳಿ ಕಾಲೇಜಿಗೆ ಹೊರಟಿದ್ದ ಮಕ್ಕಳು ಸತ್ತಮೇಲೆ ಸರ್ಕಾರಿ ಬಸ್ಸು ಬಿಡಿ ಅಂತ ಕೂಗು ಜೋರಾಯಿತು. ಆಧಾರ್ ಕಾರ್ಡು ತೋರಿಸಿದರೆ ಕಂಡಕ್ಟರು ಗೌರವದಿಂದ ನೋಡಿ ಟಿಕೆಟ್ ಹರಿಯುವ ಹಳ್ಳಿಗಳು ನಮ್ಮಲ್ಲಿ ಇನ್ನೂ ಇವೆ.

ದಾರಿಯಲ್ಲಿ ಕೊರಟಗೆರೆ ಸಿಗುತ್ತದೆ. ಗೊರವನಹಳ್ಳಿ ಮಹಾಲಕ್ಷ್ಮಿಗೆ ಕೈಮುಗಿದು ಬನ್ನಿ. ಪಾಳುಬಿದ್ದಿದ್ದ ಆ ಗುಡಿಯನ್ನು ಇಷ್ಟು ದೊಡ್ಡ ಕ್ಷೇತ್ರವಾಗಿ ಬೆಳೆಸಿದವರು ಕಮಲಮ್ಮ ಎಂಬ ಹೆಣ್ಣುಮಗಳು. ಆರ್ಥಿಕ ಸ್ವಾವಲಂಬನೆಗೆ ಉದಾಹರಣೆ ಬೇಕಾದರೆ ವಿದೇಶಿ ಕಂಪನಿಯ ಮೇಡಂ ಒಬ್ಬರ ಕಥೆಗಿಂತ ಇದು ಹತ್ತಿರವಾದೀತು. ಮಹಾಲಕ್ಷ್ಮಿಯ ನಂತರ ಗೃಹಲಕ್ಷ್ಮಿ. 2023ರ ಆಗಸ್ಟ್ 30ರಂದು ಶುರುವಾದ ಆ ಯೋಜನೆಯ ಎರಡು ಸಾವಿರ ರೂಪಾಯಿಯ ಬಗ್ಗೆ ಯಾರಾದರೂ ಹಗುರವಾಗಿ ಮಾತಾಡಿದರೆ ನಮಗೆ ಆಗುವುದಿಲ್ಲ. ಗಂಡನ ಕೈ ನೋಡದೆ ಔಷಧಿ ತಂದವರಿದ್ದಾರೆ, ಮಗಳ ಫೀಸು ಕಟ್ಟಿದವರಿದ್ದಾರೆ. ತೊಂದರೆ ಒಂದೇ: ದುಡ್ಡು ಖಾತೆಗೆ ಬಿದ್ದದ್ದು ನಮಗಿಂತ ಮುಂಚೆ ಕಂತು ವಸೂಲಿಯವನಿಗೆ ಗೊತ್ತಾಗಿರುತ್ತದೆ.

ಈ ಕಂತಿನ ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ಮನಸ್ಸು ಗಟ್ಟಿಯಾಗಿರಲು ಗೆಳತಿಯರ ಬಳಗ ಕಟ್ಟಿಕೊಳ್ಳಿ, ವಾರಕ್ಕೊಮ್ಮೆ ಸೇರಿ ಎಂದು ತಾವು ಬೇರೆ ಊರಿನ ಭಾಷಣದಲ್ಲಿ ಹೇಳಿದ್ದೀರಂತೆ. ನಮಗೆ ಆ ತಾಪತ್ರಯವಿಲ್ಲ; ಬಳಗವನ್ನು ಮೈಕ್ರೋಫೈನಾನ್ಸ್‌ನವರೇ ಕಟ್ಟಿಕೊಟ್ಟಿದ್ದಾರೆ. ಬೆಳಿಗ್ಗೆ ಒಬ್ಬರ ಮನೆಯಂಗಳದಲ್ಲಿ ಸೆಂಟರ್ ಮೀಟಿಂಗ್. ಅಡಮಾನ ಏನೂ ಬೇಡ, ಅಕ್ಕಪಕ್ಕದವಳೇ ಅಡಮಾನ. ಒಬ್ಬಳು ಕಟ್ಟದಿದ್ದರೆ ಮಿಕ್ಕವರು ಕಟ್ಟಬೇಕು, ಅದುವರೆಗೂ ಯಾರೂ ಏಳುವ ಹಾಗಿಲ್ಲ. ಜೊತೆಯಲ್ಲಿ ಬಟ್ಟೆ ಒಗೆದು ಬೆಳೆದವರು ಹೀಗೆ ಒಬ್ಬರ ಮುಖ ಒಬ್ಬರು ನೋಡದ ಹಾಗಾದರು. ಎರಡನೇ ಕಂಪನಿಯ ಸಾಲ ತೆಗೆದು ಮೊದಲನೇ ಕಂಪನಿಗೆ ಕಟ್ಟುವುದು, ಮೂರನೆಯದು ತೆಗೆದು ಎರಡನೆಯದಕ್ಕೆ. ಪಾವಗಡ ಶನಿಮಹಾತ್ಮನ ಊರು, ಏಳೂವರೆ ವರ್ಷ ಕಾಡಿದ ಮೇಲೆ ಅವನೂ ಬಿಟ್ಟುಹೋಗುತ್ತಾನೆ; ಇದು ನವೀಕರಣವಾಗುತ್ತಲೇ ಇರುತ್ತದೆ.

ಬೆಳಿಗ್ಗೆ ಒಂಬತ್ತಕ್ಕೆ ಮುಂಚೆ, ಸಂಜೆ ಆರರ ಮೇಲೆ ಸಾಲಗಾರರಿಗೆ ಫೋನು ಮಾಡಿ ಪೀಡಿಸಬಾರದೆಂದು ರಿಸರ್ವ್ ಬ್ಯಾಂಕು 2022ರಲ್ಲೇ ಹೇಳಿದೆ. ಕಂತುಗಳೆಲ್ಲ ಸೇರಿ ಮನೆಯ ತಿಂಗಳ ವರಮಾನದ ಅರ್ಧ ಮೀರಬಾರದೆಂದೂ ಹೇಳಿದೆ. ನಮ್ಮ ವರಮಾನ ಎಷ್ಟೆಂದು ಫಾರಂನಲ್ಲಿ ಬರೆದವನು ಸಾಲ ಕೊಡಲು ಬಂದ ಹುಡುಗ. ಅವನು ಬರೆದ ಲೆಕ್ಕದಲ್ಲಿ ನಾವೆಲ್ಲ ಅನುಕೂಲಸ್ಥರು. ಆ ಫಾರಂ ಓದಿದಾಗ ಮಾತ್ರ ನಮಗೆ ಆರ್ಥಿಕ ಸ್ವಾವಲಂಬನೆಯ ಅನುಭವವಾಗುತ್ತದೆ.

2025ರ ಜನವರಿಯಲ್ಲಿ ಚಾಮರಾಜನಗರದ ಕಡೆ ಸಾಲದ ಕಾಟಕ್ಕೆ ಕುಟುಂಬಗಳು ಊರು ಬಿಟ್ಟ ಸುದ್ದಿ ಬಂದಮೇಲೆ ಸರ್ಕಾರ ಎಚ್ಚೆತ್ತು ಸುಗ್ರೀವಾಜ್ಞೆ ತಂದಿತು. ರಾಜ್ಯಪಾಲರು ಶಿಕ್ಷೆ ಅತಿಯಾಯಿತೆಂದು ಒಮ್ಮೆ ವಾಪಸು ಕಳಿಸಿ, ಫೆಬ್ರುವರಿ 12ರಂದು ಅಂಕಿತ ಹಾಕಿದರು. ಬಲವಂತದ ವಸೂಲಿಗೆ ಹತ್ತು ವರ್ಷದವರೆಗೆ ಜೈಲು, ಐದು ಲಕ್ಷದವರೆಗೆ ದಂಡ. ಆಗ ಪೊಲೀಸರನ್ನು ನೋಡಿಕೊಳ್ಳುವ ಗೃಹ ಸಚಿವರು ಕೊರಟಗೆರೆಯ ಶಾಸಕ ಜಿ. ಪರಮೇಶ್ವರ; ಸಹಕಾರ ಸಂಘಗಳ ಸಾಲ ನೋಡಿಕೊಳ್ಳುವ ಸಚಿವರು ಪಕ್ಕದ ಮಧುಗಿರಿಯ ಶಾಸಕ ಕೆ.ಎನ್. ರಾಜಣ್ಣ. ಇಷ್ಟು ಹತ್ತಿರದಲ್ಲಿ ಇಷ್ಟೊಂದು ಅಧಿಕಾರ ಬೇರೆ ಯಾವ ಸೀಮೆಯ ಹೆಂಗಸರಿಗೂ ಸಿಕ್ಕಿರಲಿಕ್ಕಿಲ್ಲ. ಆದರೂ ವಸೂಲಿಯವನು ಬಾಗಿಲಲ್ಲಿ ನಿಂತಾಗ ಕಾನೂನಿಗಿಂತ ಪಕ್ಕದ ಮನೆಯವಳ ಬೈಗುಳವೇ ಮೊದಲು ಬಂದು ತಲುಪುತ್ತದೆ.

ಅಷ್ಟು ಬಡ್ಡಿಗೆ ಯಾಕೆ ತೆಗೆಯುತ್ತೀರಿ, ಸೊಸೈಟಿಯಲ್ಲಿ ಬಡ್ಡಿಯಿಲ್ಲದ ಸಾಲ ಇದೆಯಲ್ಲ ಎಂದು ತಾವು ಕೇಳಬಹುದು. ಇದೆ. ಐದು ಲಕ್ಷದವರೆಗಿನ ಬೆಳೆಸಾಲಕ್ಕೆ ಶೂನ್ಯ ಬಡ್ಡಿ. ಅದಕ್ಕೆ ಬೇಕಾದದ್ದು ಪಹಣಿ. ಪಹಣಿಯಲ್ಲಿ ಮಾಲೀಕರ ಹೆಸರಿರುವ ಒಂಬತ್ತನೇ ಕಾಲಂ ತೆಗೆದು ನೋಡಿ: ಮಾವ, ಗಂಡ, ಭಾವ, ಮೈದುನ. ಅಪರೂಪಕ್ಕೆ ಹೆಂಗಸಿನ ಹೆಸರಿದ್ದರೆ ಅದರ ಜೊತೆ ಗಂಡನ ಮರಣ ಪತ್ರವೂ ಇರುತ್ತದೆ. ಹೆಸರಿರುವವನಿಗೆ ಬಡ್ಡಿ ಸೊನ್ನೆ. ಆ ಹೊಲದಲ್ಲೇ ಕಳೆ ಕಿತ್ತವಳಿಗೆ ಶೇ. 24ರ ಆಸುಪಾಸು. ಸಾಲದ ದುಡ್ಡಾದರೂ ಎಲ್ಲಿಗೆ ಹೋಯಿತು ಅಂದರೆ ಕೊಳವೆಬಾವಿಗೆ. ಬಾವಿ ಅವನ ಹೊಲದಲ್ಲಿ, ಕಂತು ಇವಳ ಪಾಸ್‌ಬುಕ್ಕಿನಲ್ಲಿ, ನೀರು ಎರಡು ಕಡೆಯೂ ಇಲ್ಲ. 2000–01ರಲ್ಲಿ ಸ್ತ್ರೀಶಕ್ತಿ ಸಂಘ ಬಂದಾಗಿನಿಂದ ನಾವು ಉಳಿತಾಯ ಮಾಡುತ್ತಲೇ ಇದ್ದೇವೆ. ನಾವು ಉಳಿಸುವುದನ್ನು ಕಲಿತೆವು, ಅವರು ನಮ್ಮ ಹೆಸರಲ್ಲಿ ಸಾಲ ತೆಗೆಯುವುದನ್ನು ಕಲಿತರು.

ಪಾವಗಡಕ್ಕೆ ಬಂದರೆ ತಾವು ಸೋಲಾರ್ ಪಾರ್ಕ್ ನೋಡದೆ ಹೋಗುವುದಿಲ್ಲ. ನೋಡಬೇಕಾದದ್ದೇ. ತಿರುಮಣಿ, ಬಳಸಮುದ್ರ, ವಳ್ಳೂರು, ರಾಯಚೆರ್ಲು, ಕ್ಯಾತಗಾನಚೆರ್ಲು, ಐದು ಊರಿನ ಹದಿಮೂರು ಸಾವಿರ ಎಕರೆ; 2,050 ಮೆಗಾವಾಟ್. ಜಮೀನು ಕೊಂಡುಕೊಳ್ಳದೆ ಗುತ್ತಿಗೆಗೆ ಪಡೆದರು, ಅದು ಒಳ್ಳೆಯ ಬುದ್ಧಿಯೇ. ಶುರುವಿನಲ್ಲಿ ಎಕರೆಗೆ ವರ್ಷಕ್ಕೆ 21,000 ರೂಪಾಯಿ, ಎರಡು ವರ್ಷಕ್ಕೊಮ್ಮೆ ಶೇ. 5 ಹೆಚ್ಚಳ. ಮಳೆ ನಂಬಿ ಕಡ್ಲೆಕಾಯಿ ಹಾಕಿ ಕೈಸುಟ್ಟುಕೊಂಡಿದ್ದ ಸೀಮೆಗೆ ಇದು ಸಣ್ಣ ಮಾತಲ್ಲ. ದುಡ್ಡು ಹೋಗುವುದು ಒಂಬತ್ತನೇ ಕಾಲಂನವರ ಖಾತೆಗೆ. ಕಾಲಂನಲ್ಲಿ ಇಲ್ಲದವಳಿಗೆ ಆ ಹೊಲದಲ್ಲಿ ಇದ್ದದ್ದು ಕಳೆ, ಕಡ್ಲೆಕಾಯಿ ಬಿಡಿಸುವ ಕೂಲಿ, ಮೇಕೆಗೆ ಮೇವು, ಒಲೆಗೆ ಪುರಳೆ. ಬೇಲಿ ಬಿದ್ದ ದಿನ ಅವು ನಾಲ್ಕೂ ಹೋದವು. ಅವಕ್ಕೆ ಎಕರೆಗೆ ಇಷ್ಟೆಂದು ಯಾರೂ ದರ ಕಟ್ಟಲಿಲ್ಲ. ಈಗ ಕೆಲವರಿಗೆ ಒಳಗೆ ಹುಲ್ಲು ಕೀಳುವ, ಪ್ಯಾನೆಲ್ ತೊಳೆಯುವ ಕೆಲಸ ಸಿಕ್ಕಿದೆ. ಬಿಸಿಲಿಗೂ ಬೆಲೆ ಬಂದ ಊರು ಅದು, ಆದರೆ ಬೆಲೆ ಬಂದದ್ದು ಪ್ಯಾನೆಲ್ಲಿನ ಮೇಲೆ ಬಿದ್ದ ಬಿಸಿಲಿಗೆ, ಪ್ಯಾನೆಲ್ ತೊಳೆಯುವವಳ ನೆತ್ತಿಯ ಮೇಲೆ ಬಿದ್ದದ್ದಕ್ಕಲ್ಲ.

ಅಪ್ಪನ ಕಡೆಯಿಂದಾದರೂ ಹೆಸರು ಬರಬಹುದಿತ್ತಲ್ಲ? ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತು. 2005ರಲ್ಲಿ ಇಡೀ ದೇಶಕ್ಕೆ ಬಂತು. 2020ರ ಆಗಸ್ಟ್‌ನಲ್ಲಿ ಸುಪ್ರೀಂ ಕೋರ್ಟು, ಹಕ್ಕು ಹುಟ್ಟಿನಿಂದಲೇ ಬಂದದ್ದು, 2005ರಲ್ಲಿ ಅಪ್ಪ ಬದುಕಿದ್ದನೋ ಇಲ್ಲವೋ ಎಂಬ ಪ್ರಶ್ನೆಯೇ ಬೇಡ ಎಂದಿತು. ಅಂದಿನಿಂದ ನಮ್ಮ ಅಣ್ಣತಮ್ಮಂದಿರಿಗೆ ನಮ್ಮ ಮೇಲೆ ಪ್ರೀತಿ ಉಕ್ಕಿದೆ. ಸಬ್‌ರಿಜಿಸ್ಟ್ರಾರ್ ಕಚೇರಿಗೆ ಕಾರು ಮಾಡಿಕೊಂಡು ಕರೆದೊಯ್ಯುತ್ತಾರೆ, ದಾರಿಯಲ್ಲಿ ಹೋಟೆಲಿನಲ್ಲಿ ತಿಂಡಿ, ವಾಪಸು ಬರುವಾಗ ಸೀರೆ. ನಡುವೆ ಒಂದು ಸಹಿ. ಹಕ್ಕು ಬಿಡುಗಡೆ ಪತ್ರ ಅನ್ನುತ್ತಾರೆ. ಬಿಡುಗಡೆಯಾದದ್ದು ಯಾರು ಎಂದು ಅಲ್ಲಿ ಕೇಳುವ ಹಾಗಿಲ್ಲ. ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ. ಸಹಿ ಹಾಕಿದರೆ ಪ್ರತಿ ಗೌರಿಹಬ್ಬಕ್ಕೆ ಅರಿಶಿನ–ಕುಂಕುಮದ ದುಡ್ಡು ಖಾತ್ರಿ. ಅದಕ್ಕೆ ಎರಡು ವರ್ಷಕ್ಕೊಮ್ಮೆ ಶೇ. 5ರ ಹೆಚ್ಚಳ ಇದೆಯೇ ಎಂದು ವಿಚಾರಿಸಬೇಕು.

ಶಿರಾದ ಹೆಣ್ಣುಮಕ್ಕಳು ಕಾರ್ಯಕ್ರಮಕ್ಕೆ ಕಡಿಮೆ ಬಂದರೆ ಬೇಸರ ಬೇಡ. ಗಾರ್ಮೆಂಟ್ಸ್ ಬಸ್ಸು ಹತ್ತಿದವರು ಹಗಲು ಊರಿನಲ್ಲಿ ಸಿಗುವುದಿಲ್ಲ, ಟಾರ್ಗೆಟ್ ಮುಗಿಯುವವರೆಗೂ ಎಲ್ಲೂ ಸಿಗುವುದಿಲ್ಲ. 2025ರಲ್ಲಿ ಸರ್ಕಾರ ವರ್ಷಕ್ಕೆ 12 ದಿನ ವೇತನಸಹಿತ ಮುಟ್ಟಿನ ರಜೆ ಕೊಟ್ಟಿದೆ, ಖಾಸಗಿಯವರಿಗೂ ಅನ್ವಯ. ಒಳ್ಳೆಯದಾಯಿತು. ಆ ರಜೆ ಕೇಳಲು ಗಂಡಸು ಸೂಪರ್‌ವೈಸರ್ ಮುಂದೆ ಬಾಯಿ ಬಿಡುವ ಧೈರ್ಯಕ್ಕೆ ತಮ್ಮ ಹತ್ತಿರ ಏನಾದರೂ ವ್ಯಾಯಾಮವಿದ್ದರೆ ತನ್ನಿ. ನಮ್ಮ ಜಿಲ್ಲೆಯ ಗೊಲ್ಲರಹಟ್ಟಿಗಳಲ್ಲಿ ಮುಟ್ಟಿಗೆ ರಜೆ ಸರ್ಕಾರಕ್ಕಿಂತ ಮೊದಲೇ ಇತ್ತು, ಊರಾಚೆಯ ಗುಡಿಸಲಲ್ಲಿ. 2023ರ ಜುಲೈನಲ್ಲಿ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯ ಅಂಥ ಗುಡಿಸಲಿನಲ್ಲಿದ್ದ ಬಾಣಂತಿಯ ಕೂಸು ಮಳೆ–ಚಳಿಗೆ ತೀರಿಹೋಯಿತು. ಇಲ್ಲಿ ನನಗೆ ವಿಡಂಬನೆ ಬರೆಯಲು ಆಗುವುದಿಲ್ಲ, ಮುಂದಕ್ಕೆ ಹೋಗುತ್ತೇನೆ.

ಮನಸ್ಸಿಗೆ ಕಷ್ಟವಾದರೆ 14416ಕ್ಕೆ ಫೋನು ಮಾಡಿ ಎಂದು ತಾವು ಹೇಳುತ್ತೀರಿ. ಟೆಲಿಮಾನಸ್, 2022ರ ಅಕ್ಟೋಬರ್‌ನಿಂದ ಇದೆ, ದುಡ್ಡಿಲ್ಲ, ಹಗಲೂ ರಾತ್ರಿ ಎತ್ತಿಕೊಳ್ಳುತ್ತಾರೆ, ಕನ್ನಡದಲ್ಲಿ ಮಾತಾಡುತ್ತಾರೆ. ಅದನ್ನು ನಾವು ಸಂಘದ ಪುಸ್ತಕದ ರಟ್ಟಿನ ಮೇಲೆ ದಪ್ಪಕ್ಷರದಲ್ಲಿ ಬರೆದುಕೊಂಡಿದ್ದೇವೆ, ಇದರಲ್ಲಿ ಕೊಂಕಿಲ್ಲ. ಆದರೆ ಫೋನು ಮಗನ ಹತ್ತಿರ ಇರುತ್ತದೆ. ಸಿಕ್ಕರೂ, ಬಾಗಿಲು ಹಾಕಿಕೊಂಡು ಮಾತಾಡುವ ಒಂದು ಕೋಣೆ ಬೇಕಲ್ಲ. ಹೆಂಗಸು ಬಾಗಿಲು ಹಾಕಿಕೊಂಡರೆ ನಮ್ಮ ಮನೆಗಳಲ್ಲಿ ಎಲ್ಲರೂ ಹೊರಗೆ ನಿಂತು “ಏನಾಯ್ತಮ್ಮಿ, ಒಳಗೇನ್ ಮಾಡ್ತಿದ್ದೀಯ” ಎಂದು ಬಡಿಯುತ್ತಾರೆ. ಸೌದೆ ತರುವ ನೆಪದಲ್ಲಿ ಹೊಲದ ಬದುವಿಗೆ ಹೋಗಿ ಅತ್ತು ಬರುವ ಪದ್ಧತಿ ಇತ್ತು. ಗ್ಯಾಸ್ ಬಂದಮೇಲೆ ಅದಕ್ಕೂ ನೆಪ ಹೋಯಿತು.

ಸಭಾಂಗಣದ ಮುಂದಿನ ಸಾಲಿನಲ್ಲಿ ಗುಲಾಬಿ ಸೀರೆಯಲ್ಲಿ ಕೂರುವವರು ಆಶಾ ಕಾರ್ಯಕರ್ತೆಯರು. ಅವರಿಗೆ ಸಮಯ ನಿರ್ವಹಣೆಯ ಪಾಠ ಮಾಡಬೇಡಿ. 2025ರ ಜನವರಿಯ ಚಳಿಯಲ್ಲಿ ತಿಂಗಳಿಗೆ ಇಷ್ಟೆಂದು ಗೌರವಧನ ಖಾತ್ರಿ ಮಾಡಿ ಎಂದು ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ರಾತ್ರಿಯೆಲ್ಲ ಕೂತವರು ಅವರು.

ಈಗ ನಮ್ಮ ಕೋರಿಕೆ. ಸನ್ಮಾನದ ಶಾಲು, ಹಾರ, ನೆನಪಿನ ಕಾಣಿಕೆ ಯಾವುದೂ ಬೇಡ. ಆ ದುಡ್ಡಿನಲ್ಲಿ ಬಂದವರ ಮನೆಯ ಪಹಣಿಯ ನಕಲು ತೆಗೆಸಿ. ಹತ್ತು ನಿಮಿಷದ ಉಸಿರಾಟದ ಹೊತ್ತಿನಲ್ಲಿ ತಾವು ಒಂದೊಂದೇ ಪಹಣಿ ಎತ್ತಿ ಒಂಬತ್ತನೇ ಕಾಲಂ ಓದಿ. ಜೊತೆಗೆ ಅದೇ ಮನೆಯ ಕಂತಿನ ಪುಸ್ತಕದ ಮೇಲಿನ ಹೆಸರನ್ನೂ ಓದಿ. ವ್ಯಾಖ್ಯಾನ ಬೇಡ. ಗಂಡಂದಿರನ್ನು, ಅಣ್ಣತಮ್ಮಂದಿರನ್ನು ಹಿಂದಿನ ಸಾಲಿನಲ್ಲಿ ಕೂರಿಸುವ ಏರ್ಪಾಡು ಮಾಡಿದ್ದೇವೆ. ಯಾರಿಗಾದರೂ ಉಸಿರು ಕಟ್ಟಿದಂತಾದರೆ ತಮ್ಮ ವಿದ್ಯೆ ಆಗ ಉಪಯೋಗಕ್ಕೆ ಬರುತ್ತದೆ. ಹೆಂಡತಿಯ ಹೆಸರನ್ನೂ ಸೇರಿಸಲು ಒಪ್ಪಿದವರಿಗೆ ಮುಂದಿನ ದಾರಿ ತೋರಿಸಲು ಬಾಗಿಲಲ್ಲೇ ಒಬ್ಬ ಪತ್ರಬರಹಗಾರರನ್ನು ಕೂರಿಸುತ್ತೇವೆ. ಶಾಲು ಹೊದಿಸಲೇಬೇಕೆಂದು ಸಮಿತಿಯವರು ಹಟ ಹಿಡಿದರೆ, ಮೊದಲು ಸಹಿ ಹಾಕಿದವನಿಗೆ ಹೊದಿಸಿ.

ಇಂತಿ ತಮ್ಮ ಆಗಮನಾಭಿಲಾಷಿ,
ಸಂಘದ ಲೆಕ್ಕ ಬರೆಯುವವಳು

ವಿ.ಸೂ.: ಮಹಿಳಾ ದಿನವಾದ್ದರಿಂದ ಅಂದಿನ ಅಡುಗೆ ಮತ್ತು ಬಡಿಸುವ ಕೆಲಸವನ್ನು ಗಂಡಸರೇ ಮಾಡುತ್ತಾರೆಂದು ಸಮಿತಿಯ ಸಭೆಯಲ್ಲಿ ಅಂಗೀಕಾರವಾಗಿದೆ. ಮುದ್ದೆ, ಹುರುಳಿಕಾಳು ಸಾರು. ಮುದ್ದೆ ತೊಳಸಲು ಯಾರಿಗೆ ಬರುತ್ತದೆ ಎಂದು ಕೇಳಿದಾಗ ಸಭೆ ಮುಂದಕ್ಕೆ ಹೋಯಿತು. ತಾವು ದಾಬಸ್‌ಪೇಟೆಯಲ್ಲೇ ತಿಂಡಿ ಮುಗಿಸಿಕೊಂಡು ಬರುವುದು ಕ್ಷೇಮ.