ಸಹಿಗೂ ಕೋಟಿಗೂ ನಡುವಿನ ಊರಿಂದ

ಬೆಂಗಳೂರಿನ ಸಮಸ್ತ ವ್ಯಕ್ತಿತ್ವ ವಿಕಸನ ಶಿಬಿರಗಳ ಮಹಾಗುರುಗಳಿಗೆ, ಲೈಫ್ ಕೋಚ್ ಮಹನೀಯರಿಗೆ, ಮೂರೇ ದಿನದಲ್ಲಿ ಹೊಸ ಮನುಷ್ಯನನ್ನು ಮಾಡಿ ಕಳಿಸುವ ಬ್ರಹ್ಮದೇವರುಗಳಿಗೆ, ಕಳಸದ ಒಬ್ಬ ಹಳೇ ಮನುಷ್ಯನ ಸಾಷ್ಟಾಂಗ ನಮಸ್ಕಾರಗಳು.

ವಿಷಯ: ನಮ್ಮ ಊರಿಗೂ ಒಂದು ಶಾಖೆ ಮಂಜೂರು ಮಾಡುವ ಬಗ್ಗೆ.

ಮಾನ್ಯರೇ,

ಈ ಕಡೆ ಎಲ್ಲವೂ ಕ್ಷೇಮ. ಅಡಿಕೆಯ ಎಲೆಚುಕ್ಕಿ, ಕಾಫಿಯ ಕಾಂಡಕೊರಕ, ಮೆಣಸಿನ ಸೊರಗುರೋಗ, ಎಲ್ಲವೂ ಆರೋಗ್ಯವಾಗಿವೆ. ವಿಕಸನವಾಗದೆ ಉಳಿದಿರುವುದು ನಮ್ಮ ವ್ಯಕ್ತಿತ್ವ ಒಂದೇ. ಅದಕ್ಕೇ ಈ ಅರ್ಜಿ.

ವಯಸ್ಸಾದ ಮೇಲೆ ಏನಾದರೂ ಕಲಿಯೋಣ ಎಂದು ಮೊಬೈಲಿನಲ್ಲಿ ‘ಹತ್ತಿರದ ತರಬೇತಿ ಕೇಂದ್ರ’ ಎಂದು ಹುಡುಕಿದರೆ, ಅದು ಮೊದಲು ಸುಮ್ಮನೆ ಸುತ್ತುತ್ತದೆ. ಕರೆಂಟು ಹೋದರೆ ಹಿಂದೆಯೇ ಟವರೂ ಹೋಗುವ ಸೀಮೆ ಇದು. ಆಮೇಲೆ ಒಂದು ಡ್ರೈವಿಂಗ್ ಸ್ಕೂಲು ತೋರಿಸಿ, ಅಲ್ಲಿಂದ ನೆಟ್ಟಗೆ ನಿಮ್ಮ ಬೆಂಗಳೂರಿಗೆ ಹಾರುತ್ತದೆ. ಅದರ ತಪ್ಪೇನಿಲ್ಲ. ನಾವು ಮೂಡಿಗೆರೆಯ ಬಾಲ ಬಿಟ್ಟು ಪ್ರತ್ಯೇಕ ತಾಲ್ಲೂಕಾದರೂ ಜಿಲ್ಲಾ ಕೇಂದ್ರ ಚಿಕ್ಕಮಗಳೂರು ಇನ್ನೂ 90 ಕಿಲೋಮೀಟರ್ ಆಚೆಗೇ ಕೂತಿದೆ.

ವಯಸ್ಕರಿಗೆ ಏನೂ ಕಲಿಸುತ್ತಿಲ್ಲ ಎಂದರೆ ನಾಲಿಗೆಗೆ ಹುಳ ಬಿದ್ದೀತು. ಸರ್ಕಾರ ಕಲಿಸುತ್ತದೆ. 1988ರಲ್ಲಿ ರಾಷ್ಟ್ರೀಯ ಸಾಕ್ಷರತಾ ಮಿಷನ್ ಬಂತು, 2009ರಲ್ಲಿ ಸಾಕ್ಷರ ಭಾರತ ಬಂತು, ಈಗ ಉಲ್ಲಾಸ್ ಬಂದಿದೆ. ಹೆಬ್ಬೆಟ್ಟು ಸಹಿಯಾಗಬೇಕು, ಬಸ್ಸಿನ ಬೋರ್ಡು ಓದಲು ಬರಬೇಕು; ಅದಕ್ಕೆ ಯಾರ ತಕರಾರೂ ಇಲ್ಲ. ಉಲ್ಲಾಸ್‌ನ ಕಾಗದದಲ್ಲಿ ವೃತ್ತಿಕೌಶಲ, ಮುಂದುವರಿಕೆ ಶಿಕ್ಷಣ ಎಂದೂ ಬರೆದಿದೆ. ಕಾಗದ ಘಟ್ಟ ಹತ್ತುವುದು ಸ್ವಲ್ಪ ನಿಧಾನ, ಅಷ್ಟೇ. ಇತ್ತ ನೀವು ಪಾಠ ಶುರು ಮಾಡುವುದೇ ಕೋಟಿಯಿಂದ: ಮೊದಲ ಕೋಟಿ ಹೇಗೆ, ಎರಡನೇ ಕೋಟಿ ಎಲ್ಲಿ. ಸಹಿಗೂ ಕೋಟಿಗೂ ನಡುವೆ ಒಂದು ಊರಿದೆ ಸ್ವಾಮಿ, ಅದರ ಹೆಸರು ಕಳಸ. ಇಲ್ಲಿಯವರಿಗೆ ಸಹಿ ಬರುತ್ತದೆ. ಬೇಕಾದ್ದಕ್ಕಿಂತ ಹೆಚ್ಚೇ ಬರುತ್ತದೆ. ಬ್ಯಾಂಕಿನಲ್ಲಿ ಸಾಲಕ್ಕೆ ಹಾಕಿ ಹಾಕಿ ರೂಢಿಯಾಗಿದೆ.

ನಿಮಗೆ ತುಂಬ ಪ್ರಿಯವಾದ ನಾಯಕತ್ವದ ವಿಷಯಕ್ಕೇ ಬರೋಣ. ಪಕ್ಕದ ಕೊಪ್ಪದಲ್ಲಿ ಶಂಕರ್ ಬಸ್ ಕಂಪನಿಯ ಡ್ರೈವರು, ಕಂಡಕ್ಟರು, ಮೆಕ್ಯಾನಿಕ್ಕುಗಳೆಲ್ಲ ಸೇರಿ 1991ರಲ್ಲಿ ಸಂಘ ಕಟ್ಟಿ ತಾವೇ ಬಸ್ಸು ಓಡಿಸತೊಡಗಿದರು. ಆ ‘ಸಹಕಾರ ಸಾರಿಗೆ’ಯ ಹೆಸರೆತ್ತಿದರೆ ಇಂದಿಗೂ ಮಲೆನಾಡಿನವರ ಮುಖ ಅರಳುತ್ತದೆ. ಟಿಕೆಟ್ ಹರಿಯುತ್ತಿದ್ದ ಕೈ ಆಯವ್ಯಯ ಪತ್ರ ಹಿಡಿಯಿತು. ಸ್ಟೇರಿಂಗ್ ಹಿಡಿದವರು ಆಡಳಿತ ಮಂಡಳಿಯ ಸಭೆಯಲ್ಲಿ ಕೂತು ಯಾವ ಮಾರ್ಗಕ್ಕೆ ಎಷ್ಟು ಟ್ರಿಪ್ಪು ಎಂದು ವಾದಿಸಿದರು. ರಿಯಾಯಿತಿ ಪಾಸಿನಲ್ಲಿ ಒಂದು ತಲೆಮಾರು ಕಾಲೇಜಿಗೆ ಹೋಗಿಬಂತು. ಇದಕ್ಕಾಗಿ ‘ನಿನ್ನೊಳಗಿನ ಹುಲಿಯನ್ನು ಎಬ್ಬಿಸು’ ಎಂಬಂಥ ಶಿಬಿರಕ್ಕೆ ಯಾರೂ ಹೋಗಬೇಕಾಗಿ ಬರಲಿಲ್ಲ. (ನಮ್ಮಲ್ಲಿ ಹುಲಿ ಒಳಗಿರುವುದಿಲ್ಲ. ಕುದುರೆಮುಖದ ಕಾಡಿನಲ್ಲಿರುತ್ತದೆ, ಅದನ್ನು ಎಬ್ಬಿಸುವ ಆಸೆ ಯಾರಿಗೂ ಇಲ್ಲ.) ಮೂರು ದಶಕ ಸಮೀಪಿಸಿದಾಗ, 2020ರಲ್ಲಿ, ನಷ್ಟ ತಾಳದೆ ಬಸ್ಸುಗಳು ನಿಂತವು. ಡೀಸೆಲ್ ದರ ಏರುವಾಗ, ಸೀಟು ಖಾಲಿ ಇರುವ ಹಳ್ಳಿ ಮಾರ್ಗವನ್ನು ಬಿಡದೆ ಸಂಘವನ್ನೂ ಉಳಿಸಿಕೊಳ್ಳುವುದು ಹೇಗೆ? ಅಂಥದ್ದೊಂದು ಪಾಠ ನಿಮ್ಮ ಕರಪತ್ರದಲ್ಲಿ ಇದ್ದರೆ ದಯವಿಟ್ಟು ತಿಳಿಸಿ. ಇನ್ನು ನೀವು ಶಿಬಿರ ಮಾಡಿದರೂ ಅಲ್ಲಿಗೆ ಬರಲು ನಮಗೆ ಆ ಬಸ್ಸೂ ಇಲ್ಲ.

ಇನ್ನು ಕೈಕೆಲಸ ಕಲಿಯೋಣವೆಂದರೆ, ಚಾರ್ಮಾಡಿ ಘಾಟಿ ಇಳಿದರೆ ಉಜಿರೆ. ಅಲ್ಲಿ 1982ರಿಂದ ರುಡ್‌ಸೆಟ್ ಸಂಸ್ಥೆ ಇದೆ. ಧರ್ಮಸ್ಥಳದ ವೀರೇಂದ್ರ ಹೆಗ್ಗಡೆಯವರು ಸಿಂಡಿಕೇಟ್, ಕೆನರಾ ಬ್ಯಾಂಕುಗಳ ಜೊತೆ ಸೇರಿ ಶುರು ಮಾಡಿದ್ದು. ಊಟ, ವಸತಿ, ಪಾಠ ಎಲ್ಲ ಉಚಿತ. ಹೊಲಿಗೆಯಿಂದ ಹಿಡಿದು ಮೊಬೈಲ್ ರಿಪೇರಿವರೆಗೆ ಕೈಗೆ ಕೆಲಸ ಕಲಿಸಿ, ಸಾಲದ ದಾರಿಯನ್ನೂ ತೋರಿಸಿ ಕಳಿಸುತ್ತಾರೆ. ದೇಶದಾದ್ಯಂತ ಇದೇ ಮಾದರಿಯ ಸಂಸ್ಥೆಗಳು ಎದ್ದಿವೆ. ಹೊಗಳಲೇಬೇಕಾದದ್ದು, ಹೊಗಳಿದೆ. ಆದರೆ ಅದು ನಿರುದ್ಯೋಗಿ ಯುವಜನರಿಗೆಂದು ಮಾಡಿದ್ದು, 45ರ ಆಸುಪಾಸಿಗೆ ಬಾಗಿಲು ಹಾಕಿಕೊಳ್ಳುವುದು ಅದರ ಧರ್ಮ. ನಮ್ಮ ಕಡೆಯ ತೋಟದ ಮನೆಗಳಲ್ಲಿ ಉಳಿದಿರುವವರು ಯಾರು ಹೇಳಿ? 45ರ ಒಳಗಿನವರೆಲ್ಲ ನಿಮ್ಮ ಊರಿನಲ್ಲೇ ಕೂತು ಲ್ಯಾಪ್‌ಟಾಪ್ ಕುಟ್ಟುತ್ತಿದ್ದಾರೆ. ಇಲ್ಲಿರುವುದು ಅವರ ಅಪ್ಪ ಅಮ್ಮ ಮತ್ತು ನಾಯಿ. ಮೂವರಲ್ಲಿ ಹೊಸದನ್ನು ಕಲಿಯುವ ಅವಕಾಶ ಸದ್ಯಕ್ಕೆ ಸಿಕ್ಕಿರುವುದು ನಾಯಿಗೆ, ಮಂಗ ಓಡಿಸುವ ವಿಭಾಗದಲ್ಲಿ.

ಆ ಅಪ್ಪ ಅಮ್ಮಂದಿರಿಗೆ ಏನು ಬೇಕೆಂದು ಯಾರೂ ಕೇಳಿಲ್ಲವಾದ್ದರಿಂದ ನಾನೇ ಹೇಳಿಬಿಡುತ್ತೇನೆ. ಅವರಿಗೆ ಅಸ್ಸಾಮಿ ಬೇಕು. ನಗಬೇಡಿ. ತೋಟಕ್ಕೆ ಬರುವ ಆಳುಗಳು ಈಗ ಅಸ್ಸಾಮಿನವರು. ‘ಹಣ್ಣು ಮಾತ್ರ ಕೊಯ್ಯಿ, ಕಾಯಿ ಬಿಡು’ ಎಂಬ ಒಂದು ವಾಕ್ಯವನ್ನು ಕೈಕರಣದಲ್ಲಿ ಹೇಳಿ ಹೇಳಿ ತೋಟದ ಆಳು-ಲೆಕ್ಕ ನೋಡಿಕೊಳ್ಳುವ ನಮ್ಮ ರೈಟರುಗಳು ಯಕ್ಷಗಾನಕ್ಕೆ ಸಲ್ಲುವಷ್ಟು ಪಳಗಿದ್ದಾರೆ. ಆ ಕಡೆಯವರಿಗೂ ಕನ್ನಡ ಬೇಕು, ಮುಖ್ಯವಾಗಿ ಸಂಬಳದ ಲೆಕ್ಕದ ಕನ್ನಡ. ಮೂವತ್ತು ದಿನದಲ್ಲಿ ಇಂಗ್ಲಿಷ್ ಕಲಿಸುವ ಪುಸ್ತಕ ಪ್ರತಿ ಬಸ್ ಸ್ಟ್ಯಾಂಡಿನಲ್ಲಿ ಸಿಗುತ್ತದೆ. ಇದಕ್ಕೆ ಮಾತ್ರ ನಮ್ಮ ಕಡೆ ಗುರುವೂ ಇಲ್ಲ, ಪುಸ್ತಕವೂ ಇಲ್ಲ.

ಇನ್ನೊಂದು, ಹೇಳಲು ತುಸು ನಾಚಿಕೆಯ ಸಂಗತಿ. ಕಾಫಿ ಬೆಳೆಯುವ ನಮಗೆ ಕಾಫಿಯ ರುಚಿ ನೋಡಲು ಬರುವುದಿಲ್ಲ. ಕಪ್ಪಿನಲ್ಲಿ ಯಾವುದು ಒಳ್ಳೆಯ ಹುಳಿ, ಯಾವುದು ಕಣದಲ್ಲಿ ಬೂಸ್ಟು ಹಿಡಿದ ವಾಸನೆ ಎಂದು ಹೇಳಬಲ್ಲ ನಾಲಿಗೆ ವ್ಯಾಪಾರಿಯದ್ದು. ನಮ್ಮದು ಚಿಕೋರಿ ಬೆರೆಸಿ ಬೆಲ್ಲ ಹಾಕಿದ ನಾಲಿಗೆ. ಗಿಡದ ಕಾಯಿಲೆಗೆ ಬಾಳೆಹೊನ್ನೂರಿನಲ್ಲಿ 1925ರಿಂದ ಕಾಫಿ ಸಂಶೋಧನಾ ಕೇಂದ್ರವಿದೆ. ಕೃಷಿಯ ಸಂದೇಹಕ್ಕೆ ಮೂಡಿಗೆರೆಯಲ್ಲಿ ಕೃಷಿ ವಿಜ್ಞಾನ ಕೇಂದ್ರ, ತೋಟಗಾರಿಕಾ ಕಾಲೇಜು ಇವೆ. ಆದರೆ ಹುರಿಯುವ, ಕುದಿಸುವ, ಸವಿಯುವ ವಿದ್ಯೆಯನ್ನು ಕಾಫಿ ಮಂಡಳಿ ‘ಕಾಪಿ ಶಾಸ್ತ್ರ’ ಎಂದು ಕಲಿಸುವುದು ಬೆಂಗಳೂರಿನಲ್ಲಿ. ಬೀಜ ಇಲ್ಲಿಂದ ಇಳಿಯುತ್ತದೆ, ಶಾಸ್ತ್ರ ಮೇಲೆ ಹತ್ತುವುದಿಲ್ಲ. ತನ್ನ ಮಾಲಿನ ಗುಣ ಗೊತ್ತಿಲ್ಲದವನಿಗೆ ನೀವು ಚೌಕಾಸಿಯ ಕಲೆ, ಆತ್ಮವಿಶ್ವಾಸ ಎಂದೆಲ್ಲ ಹೇಳಿಕೊಟ್ಟು ಏನು ಉಪಯೋಗ? ಹೆಚ್ಚೆಂದರೆ ಅವನು ಬಹಳ ಆತ್ಮವಿಶ್ವಾಸದಿಂದ ಕಡಿಮೆ ಬೆಲೆಗೆ ಮಾರಿಯಾನು.

ಇದೆಲ್ಲ ಆಗದ ಮಾತೇನೂ ಅಲ್ಲ. ಹಳೇ ಮೈಸೂರಿನಲ್ಲಿ ವಯಸ್ಕರ ಶಿಕ್ಷಣ ಸಮಿತಿ ಅಕ್ಷರ ಕಲಿಸಿ ಕೈತೊಳೆದುಕೊಳ್ಳಲಿಲ್ಲ. ಹೊಸದಾಗಿ ಓದಲು ಕಲಿತವರಿಗೆಂದೇ ‘ಬೆಳಕು’ ಪತ್ರಿಕೆ ತಂದಿತು, 1947ರಲ್ಲಿ ನಂಜನಗೂಡಿನಲ್ಲಿ ಡೆನ್ಮಾರ್ಕಿನ ಮಾದರಿ ನೋಡಿ ವಿದ್ಯಾಪೀಠ ತೆರೆದು ಹಳ್ಳಿಯ ತರುಣರನ್ನು ಅಲ್ಲೇ ಉಳಿಸಿಕೊಂಡು ಪಾಠ ಹೇಳಿತು. ಹೆಗ್ಗೋಡಿನ ನೀನಾಸಂ ಶಿಬಿರದಲ್ಲಿ ಮೇಷ್ಟ್ರು, ಗೃಹಿಣಿ, ಕೃಷಿಕ ಒಟ್ಟಿಗೆ ಕೂತು ನಾಟಕ, ಸಿನಿಮಾ ಚರ್ಚಿಸುತ್ತಾರೆ. ಅಲ್ಲಿಂದ ಮನೆಗೆ ಹೋದವರು ಕೋಟ್ಯಧಿಪತಿಗಳಾದ ವರದಿ ಬಂದಿಲ್ಲ.

ಕೊನೆಯದಾಗಿ ವೇಳಾಪಟ್ಟಿ. ಡಿಸೆಂಬರಿನಿಂದ ಫೆಬ್ರವರಿವರೆಗೆ ಕೊಯ್ಲು, ಯಾರೂ ಸಿಗುವುದಿಲ್ಲ. ಮಾರ್ಚಿನಲ್ಲಿ ಹೂಮಳೆಗೆ ಆಕಾಶ ನೋಡುವ ಕೆಲಸ. ಏಪ್ರಿಲ್, ಮೇ ಮದುವೆ ಮುಂಜಿ. ಊರಿಗೆ ಊರೇ ಮನೆಯೊಳಗೆ ಬೆಚ್ಚಗೆ ಕೂತು ಕಲಿಯಲು ಪುರುಸೊತ್ತಾಗಿರುವುದು ಆಷಾಢದಲ್ಲಿ, ಅಂದರೆ ಭದ್ರೆ ಉಕ್ಕಿ ಹೆಬ್ಬಾಳೆ ಸೇತುವೆ ಮುಳುಗುವ ಹೊತ್ತಿನಲ್ಲಿ. ಆಗಲೇ ಬನ್ನಿ. ಕೊಡೆ ಸಾಲದು, ಗಂಬೂಟು ತನ್ನಿ. ಉಂಬಳಗಳು ವ್ಯಕ್ತಿತ್ವ ನೋಡಿ ಕಚ್ಚುವುದಿಲ್ಲ. ಪ್ರೊಜೆಕ್ಟರು ಬೇಡ, ಕರೆಂಟು ಇರುವುದಿಲ್ಲ. ಶುಲ್ಕವನ್ನು ಕಾಳುಮೆಣಸಿನಲ್ಲಿ ಕೊಡುತ್ತೇವೆ, ಅಂದಿನ ಧಾರಣೆಗೆ. ಊಟಕ್ಕೆ ಹೊರನಾಡಿದೆ, ಅನ್ನಪೂರ್ಣೇಶ್ವರಿ ಯಾರ ಹತ್ತಿರವೂ ಸರ್ಟಿಫಿಕೇಟು ಕೇಳುವುದಿಲ್ಲ.

ಉತ್ತರವನ್ನು ಅಂಚೆಯಲ್ಲೇ ಬರೆಯಿರಿ. ದಯವಿಟ್ಟು ಲಿಂಕ್ ಕಳಿಸಬೇಡಿ.

ಇಂತಿ,
ವಿಕಸನದ ನಿರೀಕ್ಷೆಯಲ್ಲಿರುವ,
ಕಳಸದ ಒಬ್ಬ ವಯಸ್ಕ