ಗುಡ್ಡದ ಆಚೆಯೇ ನಿಂತ ಸಿಗ್ನಲ್ ಸಾಹೇಬರಿಗೆ

ಮಾನ್ಯ ಸಿಗ್ನಲ್ ಸಾಹೇಬರೇ,

ತಾವು ಹಳಿಯಾಳದವರೆಗೆ ದಿನವೂ ಸುಖವಾಗಿ ಬಂದು ಹೋಗುತ್ತಿರುವ ಸುದ್ದಿ ನಮ್ಮ ಭಾವನಿಂದ ತಿಳಿಯುತ್ತಿದೆ. ಅಲ್ಲಿಂದ ಮುಂದೆ ಜೋಯಿಡಾಕ್ಕೂ ರಸ್ತೆ ಇದೆ, ಬಸ್ಸೂ ಇದೆ. ಗೊತ್ತಿರಲಿಕ್ಕಿಲ್ಲವೆಂದು ಬರೆದೆ.

ಈ ಕಾಗದವನ್ನು ಅಂಚೆಗೆ ಹಾಕದೆ ಅಚ್ಚಿಗೆ ಕೊಟ್ಟದ್ದಕ್ಕೆ ಕ್ಷಮಿಸಬೇಕು. ತಮ್ಮ ವಿಳಾಸ ಯಾರಲ್ಲೂ ಇಲ್ಲ. ವಿಚಾರಿಸಿದಾಗಲೆಲ್ಲ ತಾವು ವ್ಯಾಪ್ತಿ ಪ್ರದೇಶದಿಂದ ಹೊರಗಿದ್ದೀರಿ ಎಂದು ಒಬ್ಬ ಹೆಣ್ಣುಮಗಳು ಬಲು ಮರ್ಯಾದೆಯಿಂದ ಹೇಳುತ್ತಾಳೆ.

ವಿಷಯಕ್ಕೆ ಬರುತ್ತೇನೆ. ನಮ್ಮ ಮನೆತನದಲ್ಲಿ ಬೇಸಿಗೆಗೊಂದು ಪಂದ್ಯವಿದೆ. ಯುಗಾದಿಯ ದಿನ ಬೇವು-ಬೆಲ್ಲ ಬಾಯಲ್ಲಿರುವಾಗಲೇ ನಾಲ್ಕೂರಿನ ನಾಲ್ವರು ತಲಾ ಹತ್ತು ಹಾಡು ಬರೆದು, ಚೀಟಿ ಮಡಚಿ ಆಯಿಯ ಕೈಗೆ ಕೊಡುತ್ತೇವೆ. ಹಳಿಯಾಳದ ಭಾವ, ಮುಂಡಗೋಡದ ಸಣ್ಣಕ್ಕ, ದಾಂಡೇಲಿಯ ತಮ್ಮ, ಜೋಯಿಡಾದ ನಾನು. ಚೀಟಿಯಲ್ಲಿರುವ ಹಾಡು ರೇಡಿಯೊದಲ್ಲಿ ಕಿವಿಗೆ ಬಿದ್ದರೆ ಒಂದು ಅಂಕ. ಪಲ್ಲವಿ ಪೂರ್ತಿ ಕೇಳಿರಬೇಕು, ಕೇಳಿದ್ದಕ್ಕೆ ಸಾಕ್ಷಿ ಬೇಕು, ಬರೀ ಪಿಟೀಲು ಕೇಳಿ ಗುರುತು ಹಿಡಿದೆ ಎಂದರೆ ನಡೆಯುವುದಿಲ್ಲ. ಮೊಬೈಲಿನೊಳಗೆ ತುಂಬಿಸಿಕೊಂಡ ಹಾಡು, ಮದುವೆ ಮನೆಯ ಸ್ಪೀಕರು, ಟೆಂಪೊದವನ ಪೆನ್ ಡ್ರೈವು ಲೆಕ್ಕಕ್ಕಿಲ್ಲ. ಮಿರಗದ ಮಳೆ ಕೂಡುವ ಹೊತ್ತಿಗೆ, ಜೂನ್ 7ಕ್ಕೆ, ಪಂದ್ಯ ಮುಗಿಯುತ್ತದೆ. ಗೆದ್ದವರಿಗೆ ಎರಡು ಜೊತೆ ದಪ್ಪ ಸೆಲ್ಲು. ಸೋತವರು ಉಳಿದ ಮೂರು ಮನೆಗೆ ಮುರುಗಲ ಸಿಪ್ಪೆ, ಹಲಸಿನ ಹಪ್ಪಳ, ಒಂದೊಂದು ಬಾಟಲಿ ಜೇನು ಮುಟ್ಟಿಸಬೇಕು. ಏಳು ವರ್ಷದಿಂದ ಈ ಮೂರೂ ಜೋಯಿಡಾದಿಂದಲೇ ಹೋಗುತ್ತಿವೆ. ಪಂದ್ಯ ಇಲ್ಲದ ಕಾಲದಲ್ಲೂ ಇಲ್ಲಿಂದಲೇ ಹೋಗುತ್ತಿದ್ದವು, ಆ ಮಾತು ಬೇರೆ.

ನನಗೆ ಹಾಡು ಆರಿಸಲು ಬರುವುದಿಲ್ಲ ಎಂದು ತಾವು ತಿಳಿಯಬಾರದು. ಬೇಸಿಗೆಯಲ್ಲಿ ರೇಡಿಯೊ ಯಾವಾಗ ಏನು ಹಾಡುತ್ತದೆ ಎಂಬ ಪಂಚಾಂಗ ನನ್ನ ನಾಲಗೆಯ ಮೇಲಿದೆ. ಏಪ್ರಿಲ್ 12 ರಾಜಕುಮಾರ್ ಪುಣ್ಯತಿಥಿ, 24 ಅವರ ಜನ್ಮದಿನ. ನಡುವೆ 14ಕ್ಕೆ ಪಿ.ಬಿ. ಶ್ರೀನಿವಾಸ್ ತೀರಿಕೊಂಡ ದಿನ. ಒಬ್ಬರು ಹಾಡಿದ್ದು, ಒಬ್ಬರು ತುಟಿ ಆಡಿಸಿದ್ದು; ಒಂದೇ ಹಾಡು ಎರಡೆರಡು ನೆಪದಲ್ಲಿ ಬರುತ್ತದೆ. ಏಪ್ರಿಲಿನ ಈ ಹದಿಮೂರು ದಿನವೇ ನಮ್ಮ ಪಂದ್ಯದ ಸುಗ್ಗಿ. ಆಮೇಲೆ ಮೇ ತಿಂಗಳು ಬರೀ ಬಣಬಣ. ಕೊನೆಗೆ ಜೂನ್ 4, ಎಸ್.ಪಿ. ಬಾಲಸುಬ್ರಹ್ಮಣ್ಯಂ ಹುಟ್ಟಿದ ದಿನ. ಮಿರಗಕ್ಕೆ ಮೂರು ದಿನ ಮೊದಲು ಸಿಗುವ ಈ ಕೊನೆಯ ಓವರಿಗಾಗಿ ಬಲ್ಲವರು ಚೀಟಿಯಲ್ಲಿ ಅವರ ಹಾಡು ಮೂರಾದರೂ ಇಟ್ಟಿರುತ್ತಾರೆ. ಈ ವಿದ್ಯೆಯನ್ನೆಲ್ಲ ಭಾವನಿಗೆ ಕಲಿಸಿದವರು ಯಾರೆಂದು ಅವನನ್ನೇ ಕೇಳಿ. ಕಲಿತವನು ಗೆಲ್ಲುತ್ತಾನೆ, ಕಲಿಸಿದವರು ಹಪ್ಪಳ ಒಣಗಿಸುತ್ತೇವೆ.

ತಮ್ಮ ಮನೆತನದ ವಿಚಾರವನ್ನೂ ಸ್ವಲ್ಪ ಆಡಬೇಕಾಗಿದೆ, ಬೇಜಾರು ಮಾಡಿಕೊಳ್ಳಬೇಡಿ. ತಮ್ಮಲ್ಲಿ ಮೂವರು. ಹಿರಿಯರು ಶಾರ್ಟ್‌ವೇವ್ ಅಜ್ಜ, ನಡುವಿನವರು ಮೀಡಿಯಂ ವೇವ್ ದೊಡ್ಡಪ್ಪ, ಕಿರಿಯರು ತಾವು, ಎಫ್‌ಎಂ ಸಾಹೇಬರು. ದೊಡ್ಡಪ್ಪನದು ಧಾರವಾಡ. 1950ರ ಜನವರಿ 8ರಂದು ಆಕಾಶವಾಣಿ ನಿಲಯ ಶುರುವಾದಾಗಿನಿಂದ ಈ ಸೀಮೆಯ ನಾಲ್ಕೂ ತಾಲೂಕಿಗೆ ಬೆಳಗಾಗುವುದೇ ಅವರ ದನಿಯಿಂದ. ಬೇಂದ್ರೆ ಸಲಹೆಗಾರರಾಗಿದ್ದ, ಎನ್ಕೆ ಕುಲಕರ್ಣಿ ದುಡಿದ ನಿಲಯ ಅದು. 765 ಕಿಲೊಹರ್ಟ್ಸಿನಲ್ಲಿ ನೆಲ ಹಿಡಿದು ನಡೆಯುವ ದೊಡ್ಡಪ್ಪ ಗುಡ್ಡ ಬಂದರೆ ಬಳಸಿಕೊಂಡು, ಮಳೆಗಾಲದಲ್ಲಿ ಕೆಮ್ಮುತ್ತ, ಕಾಡಿನಲ್ಲಿ ಏದುಸಿರು ಬಿಡುತ್ತ, ಅಂತೂ ನಮ್ಮ ಮನೆಯ ಕಟ್ಟೆಗೆ ಬಂದು ಕೂರುತ್ತಿದ್ದರು. ರಾತ್ರಿಯಾದರೆ ಮಾತ್ರ ತೊಂದರೆ. ಹೊತ್ತು ಮುಳುಗಿದ ಮೇಲೆ ದೂರದೂರಿನ ಮೀಡಿಯಂ ವೇವುಗಳೆಲ್ಲ ಆಕಾಶಕ್ಕೆ ಬಡಿದು ನಮ್ಮ ಕಣಿವೆಗೆ ಬೀಳುತ್ತವೆ. ದೊಡ್ಡಪ್ಪ ಭಾವಗೀತೆ ಹಾಡುವಾಗ ಹಿಂದೆ ಯಾರೋ ತಮಿಳಿನಲ್ಲಿ ಜಗಳ ತೆಗೆಯುತ್ತಾರೆ.

ಅವರ ಮಾತು ಕೇಳುವ ಸೆಟ್ಟು ಈಗ ಅಂಗಡಿಯಲ್ಲಿ ಸಿಗುವುದಿಲ್ಲ. ಕೆಟ್ಟ ಸೆಟ್ಟು ಒಯ್ದರೆ ರಿಪೇರಿಯವನು ಅದನ್ನು ಕೈಗೆ ತೆಗೆದುಕೊಳ್ಳುವ ರೀತಿ ನೋಡಿದರೆ ಸಂತಾಪ ಸೂಚಿಸುತ್ತಿದ್ದಾನೆ ಅನಿಸುತ್ತದೆ. ಮೊಬೈಲಿನಲ್ಲಿ ಇದ್ದರೆ ತಾವೊಬ್ಬರೇ ಇರುತ್ತೀರಿ. ತಾವೋ, ಬಲು ನೇರ ನಡತೆಯವರು. ಹೊರಟರೆ ಸೀದಾ ಹೊರಡುತ್ತೀರಿ, ಬಗ್ಗುವುದಿಲ್ಲ, ಬಳಸುವುದಿಲ್ಲ. ಕಾರವಾರದ 102.3 ಕಡಲ ದಂಡೆಯಲ್ಲಿ ಚೆಂದಾಗಿ ಹಾಡುತ್ತದೆ. ನಡುವೆ ಸಹ್ಯಾದ್ರಿ ನಿಂತಿದ್ದರೆ ನಿಲಯದವರಾದರೂ ಏನು ಮಾಡಿಯಾರು? ಪ್ರಾಮಾಣಿಕರಿಗೆ ಘಟ್ಟ ಹತ್ತಲು ಆಗುವುದಿಲ್ಲ ಎಂಬುದಕ್ಕೆ ತಾವೇ ದೃಷ್ಟಾಂತ. ಹಳಿಯಾಳ ಬಯಲು, ಧಾರವಾಡಕ್ಕೆ ಮುಖ ಮಾಡಿದ ಊರು. ಭಾವ ಮಾಳಿಗೆ ಹತ್ತಿ ತಂತಿ ಎಳೆದು ಕುಳಿತರೆ ತಾವು ಚಹಾ ಆರುವ ಮೊದಲು ಹಾಜರು. ಸಂಜೆ ಯಾವುದಾದರೂ ಮೂಲೆಯಿಂದ ನನ್ನ ಫೋನು ಹತ್ತಿತೋ, ಅವನ ಮೊದಲ ಮಾತೇ, "ಏನಪಾ ಜೋಯಿಡಾ, ಇವತ್ತ ಎಷ್ಟ ಬಿದ್ದುವು?"

ಉಳಿದಿಬ್ಬರ ಕತೆಯನ್ನೂ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ನಾನೊಬ್ಬನೇ ಅಳುತ್ತಿದ್ದೇನೆ ಅಂದುಕೊಳ್ಳುತ್ತೀರಿ. ದಾಂಡೇಲಿಯ ತಮ್ಮನಿಗೆ ಕಾಗದದ ಕಾರ್ಖಾನೆಯ ಪಾಳಿ. ಅವನ ಹಾಡು ಪಲ್ಲವಿಗೆ ಬಂದಾಗಲೇ ಭೋಂಗಾ ಕೂಗುತ್ತದೆ. ರಜೆಯ ದಿನ ಕೂತರೆ ಮನೆಯ ಹಿಂದಿನ ಅತ್ತಿಮರಕ್ಕೆ ಮಂಗಟ್ಟೆ ಹಕ್ಕಿಗಳು ಬಂದು ಕಿರುಚಿ ಅರ್ಧ ಅಂಕ ತಿಂದು ಹೋಗುತ್ತವೆ. ಮುಂಡಗೋಡದ ಸಣ್ಣಕ್ಕನ ಚಾಲಾಕಿಯೇ ಬೇರೆ. ಅವಳು ನೇರವಾಗಿ ಫೋನ್-ಇನ್ ಕಾರ್ಯಕ್ರಮಕ್ಕೆ ಫೋನು ಹಚ್ಚಿ ತನ್ನ ಚೀಟಿಯ ಹಾಡನ್ನು ತಾನೇ ಕೇಳಿ ಹಾಕಿಸಿಕೊಳ್ಳುತ್ತಾಳೆ. ತಾನೇ ಬಿತ್ತಿ ತಾನೇ ಕೊಯ್ಯುವುದು. ಸಾಕ್ಷಿಗೆ ಲಾಮಾ ಕ್ಯಾಂಪಿನ ಒಬ್ಬ ಹಿರಿಯರು. 1966ರಲ್ಲಿ ಅಲ್ಲಿ ಟಿಬೆಟಿಯನ್ನರ ನೆಲೆ ಶುರುವಾದಾಗ ಹುಡುಗರಾಗಿ ಬಂದವರು, ಹಿಂದಿ ಕಲಿತದ್ದೇ ರೇಡಿಯೊ ಹಾಡಿನಿಂದಂತೆ. ಅವರು ಹೌದೆಂದು ತಲೆಯಾಡಿಸಿದರೆ ಎದುರಾಡುವ ಎದೆ ನಮಗಾರಿಗೂ ಇಲ್ಲ. ಫೋನು ಹಚ್ಚಿ ಕೇಳಿದ ಹಾಡಿಗೆ ಅಂಕ ಕೊಡಬಾರದೆಂದು ನಾನು ತಕರಾರು ತೆಗೆದೆ. ಆಯಿಯ ತೀರ್ಪು ಒಂದೇ ಸಾಲಿನದು: "ಫೋನು ಹತ್ತಿದವರು ಹಚ್ಚಲಿ." ನಮ್ಮ ಊರಿನಲ್ಲಿ ಫೋನೂ ತಮ್ಮ ಬೀಗರೇ, ಹತ್ತುವುದಿಲ್ಲ.

ಕಾರ್ಡು ಬರೆದು ಹಾಡು ಕೇಳುವ ಕಾಲದಲ್ಲಿ ಹೀಗಿರಲಿಲ್ಲ. ಬಿಹಾರದ ಅಭ್ರಕದ ಗಣಿಯೂರು ಝುಮ್ರಿ ತಲೈಯಾ, ಈಗ ಝಾರ್ಖಂಡಿನಲ್ಲಿದೆ, ಹಾಡು ಕೋರಿ ಬರೆದ ಕಾರ್ಡುಗಳಿಂದಲೇ ದೇಶಕ್ಕೆಲ್ಲ ಹೆಸರಾಯಿತು. ಕಾರ್ಡಿಗೆ ಗುಡ್ಡ ಅಡ್ಡ ಬರುತ್ತಿರಲಿಲ್ಲ.

ಇಲ್ಲಿ ತಮ್ಮ ಅಜ್ಜನನ್ನು ನೆನೆಯದೆ ಇರಲಾರೆ. 1952ರಲ್ಲಿ ದಿಲ್ಲಿಯಲ್ಲಿ ಬಿ.ವಿ. ಕೇಸ್ಕರ್ ವಾರ್ತಾ ಮತ್ತು ಪ್ರಸಾರ ಮಂತ್ರಿಯಾದರು. ಸಿನಿಮಾ ಹಾಡೆಂದರೆ ಅವರಿಗೆ ಅಸಡ್ಡೆ, ಆಕಾಶವಾಣಿಯಿಂದ ಅದನ್ನು ಹೊರಗಿಟ್ಟರು. ದೇಶ ಸುಮ್ಮನೆ ಮುಳ್ಳು ತಿರುಗಿಸಿ ಶಾರ್ಟ್‌ವೇವಿನಲ್ಲಿ ರೇಡಿಯೊ ಸಿಲೋನ್ ಹಚ್ಚಿತು. ಅದೇ ವರ್ಷ ಡಿಸೆಂಬರ್ 3ರ ಬುಧವಾರ ಬಿನಾಕಾ ಗೀತಮಾಲಾ ಶುರು. ಮುಂಬಯಿಯಲ್ಲಿ ಅಮೀನ್ ಸಯಾನಿ ಮಾತಾಡುವುದು, ಟೇಪು ವಿಮಾನ ಹತ್ತಿ ಕೊಲಂಬೊಗೆ ಹೋಗುವುದು, ಅಲ್ಲಿಂದ ದನಿ ಆಕಾಶಕ್ಕೇರಿ ನಮ್ಮ ತಲೆಯ ಮೇಲೆ ಇಳಿಯುವುದು. ಇವತ್ತಿನವರಿಗೆ ಅದು ಹಾಡುಗಳ ಶ್ರೇಯಾಂಕವೆಂದು ಗೊತ್ತು. ಮೊದಲಿಗೆ ಅದೂ ಪಂದ್ಯವೇ ಆಗಿತ್ತು ಎಂಬುದು ಗೊತ್ತಿರಲಿಕ್ಕಿಲ್ಲ. ಏಳು ಹಾಡನ್ನು ಹಿಂದುಮುಂದು ಮಾಡಿ ಬಿಡುತ್ತಿದ್ದರು. ಕೇಳಿದವರು ಸರಿಯಾದ ಕ್ರಮದಲ್ಲಿ ಬರೆದು ಕಳಿಸಬೇಕು, ಬಹುಮಾನ 100 ರೂಪಾಯಿ. ಮೊದಲ ಕಂತಿಗೇ 9,000 ಕಾಗದ ಬಂದವಂತೆ, ವರ್ಷದೊಳಗೆ ವಾರಕ್ಕೆ 65,000. ಎಣಿಸಿ ಸುಸ್ತಾಗಿಯೋ ಏನೋ, ಎರಡು ವರ್ಷಕ್ಕೆ ಪಂದ್ಯ ಬಿಟ್ಟು ಶ್ರೇಯಾಂಕ ಹಿಡಿದರು.

ಆ 65,000ದಲ್ಲಿ ನನ್ನ ಅಜ್ಜನದೂ ಒಂದು. ಕಾಳಿ ಮತ್ತು ಪಾಂಢರಿ ನದಿ ಕೂಡುವಲ್ಲಿದ್ದ ಸೂಪಾ ನಮ್ಮ ಮೂಲ ಊರು. ಅಲ್ಲಿ ಸಾಹುಕಾರರೊಬ್ಬರ ಮನೆಯಲ್ಲಿ ಮೋಟಾರಿನ ಬ್ಯಾಟರಿ ಕಟ್ಟಿದ ರೇಡಿಯೊ, ಎರಡು ಮಾವಿನಮರದ ನಡುವೆ ಏರಿಯಲ್ ತಂತಿ. ಬುಧವಾರ ರಾತ್ರಿ ಎಂಟಕ್ಕೆ ಅಂಗಳ ತುಂಬ ಜನ. ಅಜ್ಜನಿಗೆ ನೂರು ರೂಪಾಯಿ ಒಮ್ಮೆಯೂ ಬರಲಿಲ್ಲ. ಆದರೆ ಸೋತದ್ದು ತನ್ನ ತಲೆಯಿಂದ. ಹಾಡು ಕೇಳಿಸಲಿಲ್ಲ ಎಂದು ಅವನು ಒಮ್ಮೆಯೂ ಅನ್ನಲಿಲ್ಲ. ಶಾರ್ಟ್‌ವೇವ್ ಅಜ್ಜ ಸಮುದ್ರ ಹಾರಿ ಬರುತ್ತಿದ್ದರು, ಹಳಿಯಾಳಕ್ಕೂ ಸೂಪಾಕ್ಕೂ ಮೇಲಿನಿಂದ ಸರಿಸಮನಾಗಿ ಸುರಿಯುತ್ತಿದ್ದರು. ಕೊಲಂಬೊದಿಂದ ಬಂದವರಿಗೆ ಸಿಕ್ಕಿದ ದಾರಿ ಇಲ್ಲೇ ಮಗ್ಗುಲಿನಿಂದ ಬರಬೇಕಾದ ತಮಗೆ ಸಿಗುವುದಿಲ್ಲ!

ಸೂಪಾ ಈಗ ನೀರಿನಡಿಯಲ್ಲಿದೆ. 101 ಮೀಟರ್ ಎತ್ತರದ ಅಣೆಕಟ್ಟು 1987ರಲ್ಲಿ ಮುಗಿಯಿತು. ತಾಲೂಕಿನ ಕಚೇರಿ ಜೋಯಿಡಾಕ್ಕೆ ಬಂತು, ಹೆಸರೂ ಬಂತು. ಅಂಚೆ ಕಚೇರಿಯಲ್ಲಿ ವರ್ಷವರ್ಷ ಹಣ ಕಟ್ಟಿ ನವೀಕರಿಸುತ್ತಿದ್ದ ಅಪ್ಪನ ರೇಡಿಯೊ ಲೈಸೆನ್ಸಿನ ಪುಸ್ತಕ ನನ್ನ ಹತ್ತಿರ ಇದೆ. ಅದರ ಮೇಲಿನ ಊರು ಇಲ್ಲ, ಲೈಸೆನ್ಸಿನ ಪದ್ಧತಿಯೂ ಇಲ್ಲ. ಅಣೆಕಟ್ಟಿನ ಬುಡದಲ್ಲಿ 50 ಮೆಗಾವ್ಯಾಟಿನ ಎರಡು ಯಂತ್ರ ತಿರುಗುತ್ತವೆ, ಕೆಳಗೆ ನಾಗಝರಿಯಲ್ಲಿ ಇನ್ನೂ ದೊಡ್ಡವು. ನಾವು ಕೊಟ್ಟ ನೀರಿನ ಕರೆಂಟಿನಿಂದ ಎಲ್ಲೆಲ್ಲೋ ರೇಡಿಯೊ ಹಾಡುತ್ತಿದೆ ಎಂಬುದು ನನಗೆ ಸಂತೋಷದ ವಿಷಯವೇ. ಆ ಅಂಕ ಯಾರ ಖಾತೆಗೆ ಎಂದು ಆಯಿಯನ್ನು ಕೇಳಿದೆ. ಹಪ್ಪಳ ಹೊರಳಿಸು ಅಂದಳು.

ಕಳೆದ ಏಪ್ರಿಲ್ 24ರಂದು ಹಟಕ್ಕೆ ಬಿದ್ದು ಸೆಟ್ಟು ಹೆಗಲಿಗೆ ಹಾಕಿಕೊಂಡು ಮನೆಯ ಹಿಂದಿನ ಗುಡ್ಡ ಹತ್ತಿದೆ. ಹುಲಿ ಕಾಡು, ಒಬ್ಬರೇ ಹೋಗಬಾರದು ಎಂದರು. ಹುಲಿ ಬಂದಿದ್ದರೆ ಸಾಕ್ಷಿಗಾದರೂ ಆಗುತ್ತಿತ್ತು. ತುದಿಯಲ್ಲಿ ಸೆಟ್ಟು ತಿರುಗಿಸಿದರೆ ಸ್ಪಷ್ಟವಾಗಿ ಬಂದದ್ದು ಪಣಜಿ. ಚೆಂದದ ಕೊಂಕಣಿ ಹಾಡು. ಗೋವೆಯ ಮಗ್ಗುಲಿನವರಾದ ನಮಗೆ ಅದು ಮನೆಯ ಮಾತೇ. ಕಲ್ಲಿನ ಮೇಲೆ ಕೂತು ಪೂರ್ತಿ ಕೇಳಿದೆ. ಅಂಕ ಸೊನ್ನೆ. ಚೀಟಿಯಲ್ಲಿ ಕೊಂಕಣಿ ಇರಲಿಲ್ಲ.

ಇಳಿದು ಬರುವಾಗ ರೆಸಾರ್ಟಿನ ಬೋರ್ಡು ಕಂಡಿತು. 'ಇಲ್ಲಿ ನೆಟ್‌ವರ್ಕ್ ಇಲ್ಲ' ಎಂದು ಹೆಮ್ಮೆಯಿಂದ ಬರೆದಿದ್ದಾರೆ. ಬೆಂಗಳೂರಿನವರು ರಾತ್ರಿಗೆ ಸಾವಿರಾರು ರೂಪಾಯಿ ಕೊಟ್ಟು, ಸಾಹೇಬರೇ, ತಮ್ಮ ಗೈರುಹಾಜರಿಯನ್ನು ಕೊಳ್ಳುತ್ತಾರೆ. ನಾವು ಹುಟ್ಟಿದಾಗಿನಿಂದ ಅದನ್ನು ಪುಕ್ಕಟೆ ಅನುಭವಿಸುತ್ತಿದ್ದೇವೆ, ಬಾಡಿಗೆಯ ಬಾಕಿ ಎಷ್ಟಾಗಿದೆಯೋ ದೇವರೇ ಬಲ್ಲ. ಆಕಾಶವಾಣಿಯ ಆ್ಯಪ್ ಹಾಕಿಕೋ, ಎಲ್ಲ ನಿಲಯವೂ ಅಂಗೈಯಲ್ಲಿ ಸಿಗುತ್ತದೆ ಎಂದು ದಾಂಡೇಲಿಯ ತಮ್ಮ ಉಪದೇಶ ಮಾಡಿದ. ಹಾಕಿಕೊಂಡೆ. ಅದು ದಾಂಡೇಲಿ ಬಸ್ ಸ್ಟ್ಯಾಂಡಿನಲ್ಲಿ ಬಹಳ ಚೆನ್ನಾಗಿ ಹಾಡುತ್ತದೆ.

ಟವರು ನೆಡಿ, ಗುಡ್ಡ ಕಡಿಯಿರಿ ಎಂದು ನಾನು ಕೇಳುವವನಲ್ಲ. ಗುಡ್ಡ ಮೊದಲು ಇದ್ದದ್ದು, ತಾವು ಆಮೇಲೆ ಬಂದವರು. ಜೂನ್ 4ರ ಸಂಜೆ ಏಳರಿಂದ ಎಂಟರ ತನಕ, ಒಂದೇ ಒಂದು ತಾಸು, ದಯಮಾಡಿಸಿ. ಮುರುಗಲ ಪಾನಕ ಮಾಡಿಸಿ ಇಟ್ಟಿರುತ್ತೇನೆ. ದಾರಿ ತಪ್ಪಿದರೆ ದೊಡ್ಡಪ್ಪನನ್ನು ಕೇಳಿ, ಅವರಿಗೆ ನಮ್ಮ ಮನೆ ಗೊತ್ತು.

ಇಂದಿನವರೆಗಿನ ಅಂಕ: ಹಳಿಯಾಳ 41, ಮುಂಡಗೋಡ 38, ದಾಂಡೇಲಿ 22½, ಜೋಯಿಡಾ 3. ಮೂರರಲ್ಲಿ ಒಂದು ವಿಚಾರಣೆಯಲ್ಲಿದೆ.

ಇಂತಿ ತಮ್ಮ ವಿಶ್ವಾಸಿ,
ಜೋಯಿಡಾದ ಕೇಳುಗ